ಕೈಗವಸು ಕಳಚಿದ ಮೇಲೆ

ಥಂಡರ್ ಬೇ
ಫೆಬ್ರವರಿ ೧೭, ಮಂಗಳವಾರ, ಮಧ್ಯಾಹ್ನ

ಮುದ್ದಿನ ಕೈಸೂ,

ಹೇಗಿದ್ದೀಯೇ? ಬೆಳಗಿನ ವಾಂತಿ ಪೂರ್ತಿ ನಿಂತಿತೇ? ಆರನೇ ತಿಂಗಳಲ್ಲಿ ಕಾಲು ಊದುವುದುಂಟು. ಸಂಜೆ ಹೊತ್ತು ಎರಡು ದಿಂಬು ಹಾಕಿ ಕಾಲನ್ನು ಮೇಲಿಟ್ಟುಕೊಂಡು ಕೂರು, ಪಾತ್ರೆ ಡಂಕನ್ ತೊಳೆಯಲಿ. ನಿನ್ನನ್ನು ಹೊತ್ತಿದ್ದಾಗ ನನ್ನ ಕಾಲು ಎಷ್ಟು ಊದಿತ್ತೆಂದರೆ ನಿಮ್ಮಪ್ಪನ ಬೂಟು ಹಾಕಿಕೊಂಡು ಶಾಲೆಯ ಬಸ್ಸು ಓಡಿಸಿದ್ದೇನೆ. ಮಕ್ಕಳೆಲ್ಲ ನನ್ನ ಕಾಲು ನೋಡಿ ಕಿಸಿಕಿಸಿ ನಗುತ್ತಿದ್ದವು. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡ. ಡಂಕನ್ ಮೀನು ಹುರಿಯುವ ವಾಸನೆ ಇನ್ನೂ ಆಗದಿದ್ದರೆ ಅವನನ್ನು ಬಾಣಲೆ ಸಮೇತ ಹಿತ್ತಿಲಿಗೆ ಓಡಿಸು. ಅಲ್ಲಿಯ ಚಳಿಗೆ ಅವನ ಅಡುಗೆಯ ಹುಚ್ಚು ತಾನಾಗಿಯೇ ಇಳಿಯುತ್ತದೆ.

ನಾನು ಫೋನ್ ಮಾಡಿದಾಗಲೆಲ್ಲ ಎತ್ತುವವನು ಅವನೇ. "ಅವ್ಳು ಮಲಗಿದಾಳೆ ಅತ್ತೆ" ಅನ್ನುತ್ತಾನೆ. ಪಾಪ, ಸುಳ್ಳು ಹೇಳಲು ಬಾರದ ಹುಡುಗ. ಹಿಂದಿನಿಂದ ನೀನು ಡಬ್ಬಿ ಕುಕ್ಕುವ ಸದ್ದು ಕೆನೋರಾದಿಂದ ಇಲ್ಲಿಯವರೆಗೂ ಕೇಳಿಸುತ್ತದೆ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಕಾಗದದ ಎದುರು ಮಲಗಿದಂತೆ ನಟಿಸಲು ಆಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡ. ಪೆನ್ನು ಬೆರಳಿನಲ್ಲಿ ಇದೆಯೋ ಇಲ್ಲವೋ ಎಂದು ಆಗಾಗ ಕಣ್ಣಿನಿಂದ ನೋಡಿಕೊಳ್ಳಬೇಕಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಕ್ರಿಸ್‌ಮಸ್ಸಿಗೆ ಬರುತ್ತೇನೆಂದು ನೀನು ಹೇಳಿದಾಗ ನಾನು ಏನೆಂದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. "ಬರಬೇಡ. ನನಗೆ ಯಾರೂ ಬೇಕಾಗಿಲ್ಲ. ನಿನ್ನ ಕಣ್ಣೀರು ಒರೆಸೋ ತ್ರಾಣ ನನಗಿಲ್ಲ" ಎಂದೆ. ಎರಡು ಮಕ್ಕಳನ್ನು ಹೊಟ್ಟೆಯಲ್ಲೇ ಕಳೆದುಕೊಂಡವಳಿಗೆ, ಮೂರನೆಯದನ್ನು ಉಸಿರು ಬಿಗಿಹಿಡಿದು ಹೊತ್ತಿರುವವಳಿಗೆ, ಹೆತ್ತ ತಾಯಿ ಆಡುವ ಮಾತೇ ಅದು? ಅಲ್ಲ. ಆದರೆ ಬೇಕೆಂದೇ ಆಡಿದೆ. ಕಾರಣ ಹೇಳಿದ್ದರೆ ನೀನು ವಾದಕ್ಕೆ ಇಳಿಯುತ್ತಿದ್ದೆ. "ನಾನು ಹುಷಾರಾಗಿರ್ತೀನಮ್ಮ, ನಂಗೇನಾಗಲ್ಲ" ಎಂದು ಚೀಲ ತುಂಬಿಕೊಂಡು ಹೊರಟೇಬಿಡುತ್ತಿದ್ದೆ. ಮುದ್ದು ಮಾಡಿದರೆ ನೀನು ಹಿಮ ಸುರಿಯುವಾಗಲೂ ಕಾರು ಹತ್ತುವವಳು. ಕೋಪ ಬಂದರೆ ಮಾತ್ರ ಬರುವುದಿಲ್ಲ. ಅದಕ್ಕೆ ನಿನಗೆ ಕೋಪ ಬರಿಸಿದೆ. ನನ್ನ ಲೆಕ್ಕ ಸರಿಯಾಯಿತು, ನೀನು ಬರಲಿಲ್ಲ. ಹಬ್ಬದ ದಿನ ಕಾಫಿಯ ಜೊತೆ ಏಲಕ್ಕಿ ಬ್ರೆಡ್ಡಿನ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡೆ. ಮೊದಲ ತುತ್ತಿಗೇ ದವಡೆ ಹಿಡಿದುಕೊಂಡಿತು. ಅದೂ ಈ ಕೀಮೋ ಔಷಧಿಯದೇ ಚಾಳಿ. ಅಳು ಬಂದದ್ದು ದವಡೆಗೋ ನಿನಗೋ ನಾನು ವಿಚಾರಿಸಲು ಹೋಗಲಿಲ್ಲ.

ಕಾರಣ ಇದು. ಅಕ್ಟೋಬರಿನಲ್ಲಿ ಕರುಳಿನ ಗಂಟು ತೆಗೆದಾಗ ನೀನೇ ಹತ್ತಿರವಿದ್ದು ನೋಡಿಕೊಂಡೆಯಲ್ಲ, ಆಮೇಲೆ ಕೀಮೋ ಶುರುವಾಗುವ ಮುನ್ನ ಆಸ್ಪತ್ರೆಯಲ್ಲಿ ನಮಗೆಲ್ಲ ಪಾಠ ಇಟ್ಟಿದ್ದರು. ನರ್ಸಿನ ಹೆಸರು ಡೆಲ್ಫೀನ್. ದುಂಡು ಮುಖ, ಯಾರನ್ನಾದರೂ ಎರಡನೆಯ ಮಾತಿಗೇ ನಗಿಸುವ ಹೆಂಗಸು. ಒಂದು ಔಷಧಿಯನ್ನು ಆಸ್ಪತ್ರೆಯಲ್ಲೇ ರಕ್ತಕ್ಕೆ ಬಿಡುತ್ತಾರೆ. ಆಕ್ಸಾಲಿಪ್ಲಾಟಿನ್ ಎಂದು ಅದರ ಹೆಸರು, ಹೇಳುವಾಗ ನಾಲಿಗೆ ಒಂದು ಪಲ್ಟಿ ಹೊಡೆಯುತ್ತದೆ. ಇನ್ನೊಂದನ್ನು ಒಂದು ಸಣ್ಣ ಬಾಟಲಿಯಲ್ಲಿ ತುಂಬಿ, ಎದೆಯ ಚರ್ಮದಡಿ ಕೂರಿಸಿರುವ ಪುಟ್ಟ ಬಿಲ್ಲೆಗೆ ಪೈಪು ಚುಚ್ಚಿ, ಸೊಂಟದ ಚೀಲದಲ್ಲಿ ಇಟ್ಟು ಮನೆಗೆ ಕಳಿಸುತ್ತಾರೆ. ಆ ಬಾಟಲಿಗೇ ಪಂಪು ಎನ್ನುತ್ತಾರೆ, ಎರಡು ದಿನ ಔಷಧಿ ತಾನೇ ಒಳಗೆ ಹರಿಯುತ್ತದೆ. ಪಂಪು ಬಿಚ್ಚಿದ ಮೇಲೂ ಎರಡು ದಿನ ಜಾಗ್ರತೆ ಎಂದಳು. ಔಷಧಿ ಮೂತ್ರ, ಮಲ, ವಾಂತಿಯಲ್ಲಿ ಹೊರಬರುತ್ತದೆ. ಕಮೋಡಿನ ಮುಚ್ಚಳ ಹಾಕಿ ಎರಡು ಸಲ ನೀರು ಬಿಡಬೇಕು. ಕೊಳೆಯಾದ ಬಟ್ಟೆ ಹಾಸಿಗೆಯನ್ನು ಕೈಗವಸು ಹಾಕಿಕೊಂಡೇ ತೆಗೆದು ಬೇರೆಯಾಗಿ ಒಗೆಯಬೇಕು. ಚೆಲ್ಲಿದರೆ ಬರಿಗೈಯಲ್ಲಿ ಒರೆಸಬಾರದು, ಅದಕ್ಕೆಂದೇ ಕೈಗವಸು, ಒರೆಸುವ ಬಟ್ಟೆ, ಚೀಲ ತುಂಬಿದ ಒಂದು ಪೆಟ್ಟಿಗೆ ಕೊಟ್ಟಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಅವಳು "ಮನೆಯಲ್ಲಿ ಗರ್ಭಿಣಿಯರಿದ್ದರೆ" ಎಂದಳು ನೋಡು, ಅಲ್ಲಿಂದಾಚೆಗೆ ಅವಳ ಬಾಯಿ ಆಡುತ್ತಿದ್ದುದಷ್ಟೇ ಕಂಡಿತು. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಎರಡನೆಯ ಮಗು ಹೋದಾಗ ನಿನ್ನ ಹಾಸಿಗೆಯ ಬಟ್ಟೆ ಒಗೆದವಳು ನಾನು, ಕೈಸು. ಇನ್ನೊಮ್ಮೆ ಅಂಥದ್ದು ಆಗಿ, ಅದಕ್ಕೆ ನನ್ನ ಮೈಯೇ ಕಾರಣವಾದರೆ? ಬದುಕಲು ಔಷಧಿ ತೆಗೆದುಕೊಂಡು ಆಮೇಲೆ ಏನೆಂದು ಬದುಕಲಿ?

ಹಾಗಾಗಿ ನಿನ್ನನ್ನು ದೂರ ಇಟ್ಟೆ. ಆಮೇಲೆ ನನಗೇ ಒಂದು ಭ್ರಮೆ ಹತ್ತಿಕೊಂಡಿತು. ನಿನಗೆ ಕೆಡುಕಾಗುವುದಾದರೆ ಉಳಿದವರಿಗೆ ಮಾತ್ರ ಒಳ್ಳೆಯದಾದೀತೇ ಎಂದು. ಶುಕ್ರವಾರದ ಸೌನಾದ ಹಬೆಸ್ನಾನಕ್ಕೆ ಹೋಗುವುದನ್ನು ಬಿಟ್ಟೆ, ಚರ್ಚಿನ ಕಾಫಿ ಬಿಟ್ಟೆ. ಪಕ್ಕದ ಮನೆಯ ಓರೆಸ್ಟ್ ಹಿಮ ಎತ್ತಲು ಬಂದರೆ ಕಿಟಕಿಯೊಳಗಿಂದಲೇ ಕೈ ಬೀಸುತ್ತಿದ್ದೆ. ಆತ ಬೀಟ್‌ರೂಟಿನ ಸಾರು ತಂದರೆ ಮೆಟ್ಟಿಲ ಮೇಲಿಟ್ಟು ಹೋಗಿ ಎನ್ನುತ್ತಿದ್ದೆ. ಅದು ಹೆಪ್ಪುಗಟ್ಟಿದ ಮೇಲೆ ಒಳಗೆ ತರುತ್ತಿದ್ದೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ, ಅದರ ಮೇಲೊಂದು ಹಳೆಯ ಹೊದಿಕೆ, ಇಷ್ಟೇ ನನ್ನ ರಾಜ್ಯ. ನಿಮ್ಮಪ್ಪ ಹೋದ ಮೇಲೆ ಒಂಟಿತನ ರೂಢಿಯಾಗಿದೆ ಎಂದುಕೊಂಡಿದ್ದೆ. ಇದು ಬೇರೆ ಜಾತಿಯದು. ಆಗ ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರು. ಈಗ ನಾನೇ ಮನೆಯೊಳಗೆ ಬಚ್ಚಿಟ್ಟ ಅಪಾಯದ ಸಾಮಾನಾಗಿದ್ದೆ. ಟಿವಿಯಲ್ಲಿ ಹವಾಮಾನ ಹೇಳುವ ಹುಡುಗನ ಜೊತೆ ಜಗಳ ಆಡುತ್ತಿದ್ದೆನೆಂದರೆ ನೀನೇ ಊಹಿಸಿಕೋ.

ಆಸ್ಪತ್ರೆಯಲ್ಲಿ ರಕ್ತಕ್ಕೆ ಬಿಡುವ ಔಷಧಿಗೆ ಚಳಿಯೆಂದರೆ ಆಗುವುದಿಲ್ಲ. ಥಂಡರ್ ಬೇಯ ಚಳಿಗಾಲಕ್ಕೆ ತಕ್ಕ ಔಷಧಿ! ಮರಗಟ್ಟುವ ಚಳಿಯಲ್ಲಿ ಬರಿಗೈಯಿಂದ ಬಸ್ಸಿನ ಬಾನೆಟ್ಟು ಎತ್ತುತ್ತಿದ್ದವಳು ನಾನು, ಈಗ ಫ್ರಿಜ್ಜಿನಿಂದ ಹಾಲು ತೆಗೆಯಲು ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತೇನೆ. ಮರೆತು ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತೆ. ನಲ್ಲಿಯ ನೀರು ಹಾಗೇ ಕುಡಿದರೆ ಗಾಜಿನ ಚೂರು ನುಂಗಿದಂತೆ. ಮೊದಲ ಸಲ ಹೊರಗೆ ಕಾಲಿಟ್ಟು ಉಸಿರೆಳೆದಾಗ ಗಂಟಲು ಮುಚ್ಚಿಕೊಂಡೇ ಹೋಯಿತೆಂದು ಗಾಬರಿಯಾಗಿ ಹಿಮದಲ್ಲೇ ಕೂತುಬಿಟ್ಟಿದ್ದೆ. ಆಮೇಲೆ ಡೆಲ್ಫೀನ್‌ಗೆ ಫೋನ್ ಮಾಡಿದೆ. "ಗಂಟಲು ಮುಚ್ಚಲ್ಲ, ಮುಚ್ಚಿದ ಹಾಗೆ ಅನ್ನಿಸುತ್ತೆ ಅಷ್ಟೇ. ಬಾಯಿಗೆ ಮಫ್ಲರ್ ಸುತ್ಕೊಳ್ಳಿ, ಬಿಸಿ ಉಸಿರು ತಗೊಳ್ಳಿ, ಬೆಚ್ಚಗಿರೋದನ್ನೇ ಕುಡೀರಿ. ಮುಖ ಊದಿದ್ರೆ, ಮೈ ಮೇಲೆ ದದ್ದು ಎದ್ರೆ ಮಾತ್ರ ತಕ್ಷಣ ಆಂಬ್ಯುಲೆನ್ಸ್" ಎಂದಳು. ಕೆಲವು ದಿನ ಕಳೆದರೆ ಈ ಚಳಿಯ ಕಾಟ ಇಳಿಯುತ್ತದೆ, ಮತ್ತೆ ಮುಂದಿನ ಸರದಿ ಬರುತ್ತದೆ. ಜ್ವರ ಮೂವತ್ತೆಂಟು ದಾಟಿದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬರಬೇಕೆಂದು ಅವಳ ಕಟ್ಟಾಜ್ಞೆ. ದೇವರು ದೊಡ್ಡವನು, ಇದುವರೆಗೆ ಬಂದಿಲ್ಲ. ಬಾಯಿಹುಣ್ಣಿಗೆ ಉಪ್ಪು ಸೋಡದ ನೀರು ಮುಕ್ಕಳಿಸುತ್ತೇನೆ. ಇವೆಲ್ಲ ಸಹಿಸಬಹುದಾದ ಸಂಗತಿಗಳು, ನೀನು ಮೂಗು ಸುರಿಸಬೇಡ.

ಆದರೆ ಬೆರಳಿನ ಜೋಮು ಮಾತ್ರ ಬರುಬರುತ್ತ ಇಳಿಯುವುದನ್ನೇ ಬಿಟ್ಟಿತು. ಗುಂಡಿ ಹಾಕಲು ಆಗುತ್ತಿರಲಿಲ್ಲ. ಸೂಜಿಯ ಮಾತು ಬಿಡು, ಚಮಚ ಕೈಜಾರಿದ್ದು ಅದು ನೆಲಕ್ಕೆ ಬಿದ್ದ ಸದ್ದಿನಿಂದ ತಿಳಿಯುತ್ತಿತ್ತು. ಪ್ರತಿ ಸಲ ಡಾಕ್ಟರು "ಬೆರಳು ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದೆ. ನಿಜ ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಕಡಿಮೆ ಮಾಡಿದರೆ ಗಂಟು ಮರಳಿ ಬರುತ್ತದೆ ಎಂದು ಭಯ. ಬೆರಳು ಹೋದರೆ ಹೋಗಲಿ, ಮೊಮ್ಮಗುವಿನ ಮುಖ ನೋಡುವಷ್ಟು ಉಳಿದರೆ ಸಾಕು ಎಂದುಕೊಂಡಿದ್ದೆ.

ಹೋದ ಮಂಗಳವಾರ ಪಂಪು ಸೊಂಟದಲ್ಲಿದ್ದ ದಿನ. ಬೆಳಿಗ್ಗೆ ಸ್ವೆಟರಿನೊಳಗೆ ತೂರಿಕೊಳ್ಳಲು ಗುದ್ದಾಡಿದ್ದೆ. ಆಗಲೇ ಪೈಪಿನ ಜೋಡಣೆ ಸಡಿಲವಾಗಿರಬೇಕು, ಬೆರಳಿಗೆ ತಿಳಿಯಲಿಲ್ಲ. ಊಟವಾದ ಮೇಲೆ ಕುರ್ಚಿಯಿಂದ ಎದ್ದವಳು ನೋಡಿದರೆ ಹೊದಿಕೆಯ ಮೇಲೆ ಅಂಗೈ ಅಗಲದ ಒದ್ದೆ. ಮೊದಲು ಚಹಾ ಚೆಲ್ಲಿದೆ ಎಂದುಕೊಂಡೆ. ಸ್ವೆಟರು ಎತ್ತಿದರೆ ಹೊಟ್ಟೆಯೆಲ್ಲ ತೇವ. ಪೆಟ್ಟಿಗೆ ತೆರೆದು ಕೈಗವಸು ಹಾಕಲು ಹೋದರೆ ಎರಡು ಬೆರಳು ಒಂದೇ ತೂತಿಗೆ ತೂರುತ್ತವೆ. ಪೈಪಿನ ಕ್ಲಿಪ್ಪು ಒತ್ತಿದರೆ ಮುಚ್ಚಿಕೊಂಡಿತೋ ಇಲ್ಲವೋ ತಿಳಿಯದು. ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಡೆಲ್ಫೀನೇ ಸಿಕ್ಕಳು. "ಗಾಬರಿ ಬೇಡ ಹಿಲ್ಕಾ. ಕ್ಲಿಪ್ ಮುಚ್ಚಬೇಕು, ಮೈಯನ್ನ ಸೋಪು ನೀರಲ್ಲಿ ತೊಳೀಬೇಕು, ಆ ಬಾಟಲಿ ಎಸೀದೆ ಚೀಲದಲ್ಲಿ ಹಾಕ್ಕೊಂಡು ಇಲ್ಲಿಗೆ ಬರಬೇಕು. ಕ್ಲಿಪ್ ಆಗ್ತಿಲ್ವಾ? ಹತ್ತಿರ ಯಾರಿದಾರೆ?"

ಹತ್ತಿರ ಯಾರಿದ್ದಾರೆ! ಕಿಟಕಿಯಾಚೆ ಓರೆಸ್ಟ್ ಸಲಿಕೆ ಊರಿಕೊಂಡು ಸುಧಾರಿಸಿಕೊಳ್ಳುತ್ತಿದ್ದ. ಗಾಜು ಬಡಿದೆ. ಬೂಟಿನ ಹಿಮವನ್ನೂ ಕೊಡವದೆ ಒಳಗೆ ನುಗ್ಗಿದ. ನಾನು ಗೋಡೆಗೆ ಅಂಟಿಕೊಂಡು "ಹತ್ರ ಬರಬೇಡಿ! ಮುಟ್ಟಬೇಡಿ!" ಎಂದು ಕಿರುಚಿದೆ.

"ಏನ್ರೀ ಇದು, ನೀವೇನು ಹಾವಾ ಕಚ್ಚೋಕೆ?" ಎಂದ. ಪೆಟ್ಟಿಗೆಯನ್ನು ನೋಡಿದ ಕೂಡಲೇ ಅವನ ಮುಖ ಬದಲಾಯಿತು. ಅವನ ಹೆಂಡತಿ ಸ್ಟೆಫಾ ಹೋದದ್ದು ಇದೇ ಕಾಯಿಲೆಯಿಂದ ಎಂಬುದು ನಿನಗೆ ಗೊತ್ತು. ಕೈತೊಳೆದು, ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡು, ಫೋನಿನಲ್ಲಿ ಡೆಲ್ಫೀನ್ ಹೇಳಿದಂತೆ ಕ್ಲಿಪ್ಪು ಒತ್ತಿದ. ಟಕ್ಕೆಂದಿತು. ನಾನು ಸ್ನಾನದ ಮನೆಯಲ್ಲಿ ಮೈ ತೊಳೆದು ಬರುವಷ್ಟರಲ್ಲಿ ಹೊದಿಕೆಯನ್ನೂ ಕುರ್ಚಿಯ ಮೆತ್ತೆಯನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದ. ಕಾರಿನಲ್ಲಿ ಹಿಂದೆ ಕೂರುತ್ತೇನೆ ಎಂದು ಹಟ ಮಾಡಿದೆ. "ಜೀವನ ಪೂರ್ತಿ ಬಸ್ಸು ಓಡಿಸಿದೋಳು ಇವತ್ತು ಹಿಂದಿನ ಸೀಟಾ? ಕೂತ್ಕೊಳ್ಳಿ, ಶಾಲೆ ಹುಡುಗರ ಥರ ಗಲಾಟೆ ಮಾತ್ರ ಮಾಡಬೇಡಿ" ಎಂದ. ನನಗೆ ನಗು ಬಂತು. ಎಷ್ಟು ವಾರವಾಗಿತ್ತೋ ನಕ್ಕು.

ಆಸ್ಪತ್ರೆಯಲ್ಲಿ ಪಂಪು ಬಿಚ್ಚಿದರು. ಚರ್ಮ ನೋಡಿದರು, ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಎದೆಯ ಬಿಲ್ಲೆ ಸರಿಯಾಗಿದೆ ಎಂದರು. ಆಮೇಲೆ ಡೆಲ್ಫೀನ್ "ಅಂಗಿಯ ಗುಂಡಿ ಹಾಕ್ಕೊಳ್ಳಿ" ಎಂದು ಎದುರಿಗೆ ನಿಂತಳು. ನಾನು ಹಾಕಲು ಹೋದೆ. ಹಾಕುತ್ತಲೇ ಇದ್ದೆ. ಅವಳು ನೋಡುತ್ತಲೇ ಇದ್ದಳು.

"ಎಷ್ಟು ದಿನದಿಂದ ಹೀಗಿದೆ?"

ಸುಳ್ಳು ಹೇಳುವ ದಾರಿಯೇ ಇರಲಿಲ್ಲ. ಹೇಳಿದೆ.

"ಮನೇಲಿ ಯಾರು ಸಹಾಯಕ್ಕಿದಾರೆ?"

"ಯಾರೂ ಇಲ್ಲ. ನಾನೇ ಯಾರನ್ನೂ ಬಿಟ್ಕೊಳ್ಳಲ್ಲ. ಮಗಳು ಬಸುರಿ. ನನ್ನನ್ನ ಮುಟ್ಟಬಾರದಲ್ಲ."

"ಮುಟ್ಟಬಾರದು ಅಂತ ಯಾರು ಹೇಳಿದ್ದು?"

"ನೀನೇ!" ಎಂದೆ. ನನ್ನ ದನಿ ಏರಿತ್ತು.

ಅವಳು ಸ್ಟೂಲು ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿಮ್ಮ ಮಗಳು ಪಂಪು ಮುಟ್ಟಬಾರದು. ಚೆಲ್ಲಿದ್ದನ್ನ ಒರೆಸಬಾರದು. ನಿಮ್ಮ ಬಟ್ಟೆ ಒಗೀಬಾರದು, ನಿಮ್ಮ ಕಮೋಡ್ ತೊಳೀಬಾರದು. ಆ ಜಾಗ್ರತೆಯ ದಿನಗಳಲ್ಲಿ ಆದ್ರೆ ಬೇರೆ ಬಾತ್‌ರೂಮು ಬಳಸಲಿ. ಮುಗೀತು. ಪಕ್ಕದಲ್ಲಿ ಕೂರಬಹುದು, ಜೊತೇಲಿ ಊಟ ಮಾಡಬಹುದು, ಕೈ ಹಿಡ್ಕೋಬಹುದು, ತಬ್ಬಿಕೋಬಹುದು. ನಮ್ಮ ರೋಗಿಗಳು ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೋತಾರೆ ಹಿಲ್ಕಾ. ಇದನ್ನೂ ಆವತ್ತೇ ಹೇಳಿದ್ದೆ."

"ಇನ್ನೊಂದ್ಸಲ ಹೇಳು" ಎಂದೆ. ಹೇಳಿದಳು. ಮತ್ತೆ ಹೇಳಿಸಿದೆ. ಡಾಕ್ಟರು ಬಂದಾಗ ಅವರಿಂದಲೂ ಹೇಳಿಸಿದೆ. ಅಷ್ಟಾದರೂ ನನ್ನ ಮುಖ ನೋಡಿ ಡೆಲ್ಫೀನ್‌ಗೆ ಏನನ್ನಿಸಿತೋ, ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಕೈ ತೊಳೆದು ಬಂದು, ಕ್ರೀಮಿನ ಡಬ್ಬಿ ತೆಗೆದು ನನ್ನ ಒಣಗಿ ಬಿರಿದ ಎರಡೂ ಕೈಗಳಿಗೆ ಬರಿಗೈಯಿಂದ ಸವರಿದಳು, ಒಂದೊಂದು ಬೆರಳಿಗೂ. ಬೆರಳ ತುದಿಗೆ ಏನೂ ತಿಳಿಯಲಿಲ್ಲ. ಮಣಿಕಟ್ಟಿಗೆ ಬಂದಾಗ ಬೆಚ್ಚಗಾಯಿತು. ನೀನು ಅಕ್ಟೋಬರಿನಲ್ಲಿ ಹೊರಟು ನಿಂತು ಅಪ್ಪಿಕೊಂಡಿದ್ದೆಯಲ್ಲ, ಅದಾದ ಮೇಲೆ ಕೆಲಸವಿಲ್ಲದೆ ನನ್ನನ್ನು ಸುಮ್ಮನೆ ಮುಟ್ಟಿದವಳು ಅವಳೇ. ನಾನು ಅತ್ತೆ, ಕೈಸು. ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ಪಕ್ಕದ ಕುರ್ಚಿಯಲ್ಲಿ ಔಷಧಿ ಹಾಕಿಸಿಕೊಳ್ಳುತ್ತಿದ್ದ ಮುದುಕ ಟಿವಿಯ ಸದ್ದು ಹೆಚ್ಚು ಮಾಡಿದ. ಮರ್ಯಾದಸ್ಥ ಮನುಷ್ಯ.

ಡಾಕ್ಟರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜೋಮನ್ನ ಮುಚ್ಚಿಟ್ರೆ ನರಗಳು ಪೂರ್ತಿ ಕೆಟ್ಟು, ಆಮೇಲೆ ನಿಲ್ಲಿಸಿದರೂ ಸರಿಹೋಗದೆ ಇರಬಹುದು" ಎಂದರು. ಚಳಿಯ ಔಷಧಿಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಪಂಪಿನದು ಮುಂದುವರಿಯುತ್ತದೆ. ಇಷ್ಟು ಸರದಿ ಆಗಿರುವುದು ವ್ಯರ್ಥವಾಗಿಲ್ಲ, ಅದು ತನ್ನ ಕೆಲಸ ಸಾಕಷ್ಟು ಮಾಡಿದೆ ಎಂದರು. ಗಂಟು ಮತ್ತೆ ಬರುವುದಿಲ್ಲವೇ ಎಂದು ಕೇಳಿದೆ. ಬರುವುದಿಲ್ಲ ಎಂದು ಯಾರೂ ಬರೆದುಕೊಡಲಾರರು ಎಂದರು. ಆ ಮಾತು ಹಿತವಾಗಿರಲಿಲ್ಲ, ಆದರೂ ನಂಬಿಕೆ ಬಂತು. ಬೆರಳಿನ ಜೋಮು ಕೆಲವು ತಿಂಗಳು ಹೆಚ್ಚಾಗಿಯೇ ಆಮೇಲೆ ನಿಧಾನಕ್ಕೆ ಇಳಿಯಬಹುದಂತೆ, ಸ್ವಲ್ಪ ಉಳಿದುಕೊಳ್ಳಲೂಬಹುದಂತೆ. ಕೈಗೆ ಒಂದಿಷ್ಟು ವಿಶ್ರಾಂತಿ ಇರಲೆಂದು ಮುಂದಿನ ಸರದಿಯನ್ನು ಒಂದು ವಾರ ಮುಂದಕ್ಕೆ ಹಾಕಿದ್ದಾರೆ.

ಮನೆಗೆ ಬಂದ ಮೇಲೆ ಓರೆಸ್ಟನನ್ನು ಒಳಗೆ ಕರೆದೆ. ಅವನ ಸಾರನ್ನೇ ಬಿಸಿ ಮಾಡಿ ಇಬ್ಬರೂ ಒಂದೇ ಮೇಜಿನಲ್ಲಿ ಉಂಡೆವು. ಡೆಲ್ಫೀನ್ ಹೇಳಿದ್ದನ್ನು ಅವನಿಗೂ ಹೇಳಿದೆ. ಅವನು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒಟ್ಟು ಮಾಡಿದ. ಆಮೇಲೆ, "ಸ್ಟೆಫಾಗೆ ಔಷಧಿ ಕೊಡ್ತಿದ್ದಾಗ ಆ ಚಳಿಗಾಲ ಪೂರ್ತಿ ನಾನು ಸೋಫಾ ಮೇಲೆ ಮಲಗಿದ್ದೆ. ಅವಳೇ ಹಾಗೆ ಮಾಡು ಅಂದಳು. ಇದು ಬೇಕಾ ಅಂತ ನರ್ಸನ್ನ ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಎಲ್ಲ ಕಟ್ಟುನಿಟ್ಟಾಗಿ ಮಾಡ್ತಿದೀವಿ ಅಂದ್ಕೊಂಡಿದ್ವಿ" ಎಂದ. ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಬೇಡ ಎನ್ನದೆ ಉಂಡ.

ಇಷ್ಟೆಲ್ಲ ಬರೆದದ್ದು ನೀನು ಓಡಿ ಬರಲಿ ಎಂದಲ್ಲ. ಈ ತಿಂಗಳು ರಸ್ತೆ ಕೆಟ್ಟದಾಗಿದೆ, ಹೆದ್ದಾರಿಯಲ್ಲಿ ಲಾರಿಗಳು ಅಡ್ಡಡ್ಡ ಬೀಳುತ್ತಿವೆ. ನಿನ್ನ ಡಾಕ್ಟರು ಬೇಡವೆಂದರೆ ಬೇಡ. ಕೋಪ ಇಳಿಯಲು ಇನ್ನೂ ಹೊತ್ತು ಬೇಕಿದ್ದರೆ ತೆಗೆದುಕೋ. ನಿಮ್ಮಪ್ಪನ ಕೋಪವೂ ಕೆರೆಯ ಮೇಲಿನ ಮಂಜುಗಡ್ಡೆಯ ಹಾಗೆ, ಏಪ್ರಿಲ್ ಬಾರದೆ ಬಿರುಕು ಬಿಡುತ್ತಿರಲಿಲ್ಲ. ನಾನು ಅಂದು ಆಡಿದ್ದು ನಿನ್ನ ಮೇಲಿನ ಬೇಸರದಿಂದಲ್ಲ ಎಂಬುದಷ್ಟೇ ತಿಳಿದಿರಲಿ. ನಿನ್ನ ಕಣ್ಣೀರು ಒರೆಸುವ ತ್ರಾಣ ನನಗೆ ಯಾವತ್ತೂ ಇತ್ತು, ಈಗಲೂ ಇದೆ.

ಡಂಕನ್‌ಗೆ ನನ್ನ ಪ್ರೀತಿ ತಿಳಿಸು. ಸುಳ್ಳು ಹೇಳುವುದನ್ನು ಇನ್ನೂ ಸ್ವಲ್ಪ ಅಭ್ಯಾಸ ಮಾಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗ್ಗುಲಾಗಿ ಮಲಗು, ಏಣಿ ಹತ್ತಬೇಡ. ತಾಯಿ ಮಗು ಇಬ್ಬರೂ ಸುಖವಾಗಿರಿ, ದೇವರ ಕೈ ನಿಮ್ಮ ಮೇಲಿರಲಿ.

ನಿನ್ನ ಅಮ್ಮ,
ಹಿಲ್ಕಾ

ತಾ.ಕ.: ಓರೆಸ್ಟ್ ಅಂಚೆ ಪೆಟ್ಟಿಗೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, "ಬೇಗ, ಬೇಗ" ಅನ್ನುತ್ತಿದ್ದಾನೆ. ನೀನು ಬರುವುದು ಬೇಡ, ನಾನೇ ಬರುತ್ತಿದ್ದೇನೆ. ಶನಿವಾರ. ಅವನು ಡ್ರೈಡನ್ನಿನಲ್ಲಿರುವ ತಮ್ಮನನ್ನು ನೋಡಲು ಹೊರಟಿದ್ದಾನೆ, ಅಲ್ಲಿಂದ ಮುಂದೆ ಕೆನೋರಾದವರೆಗೂ ಬಂದು ನನ್ನನ್ನು ಬಿಟ್ಟು ಹೋಗುತ್ತಾನಂತೆ. ಡಾಕ್ಟರು ಒಪ್ಪಿದ್ದಾರೆ. ಥರ್ಮಾಮೀಟರು, ಆಸ್ಪತ್ರೆಯ ಕಾರ್ಡು ಚೀಲದಲ್ಲಿವೆ. ಈ ಸರದಿಯ ಜಾಗ್ರತೆಯ ದಿನಗಳು ಮುಗಿದಿವೆ, ಆದರೂ ನನ್ನ ಬಟ್ಟೆ ನಾನೇ ಒಗೆದುಕೊಳ್ಳುತ್ತೇನೆ, ನೀನು ಮುಟ್ಟಬೇಡ. ಮಾತಾಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ, ಸುಮ್ಮನೆ ಪಕ್ಕದಲ್ಲಿ ಕೂರೋಣ. ನಿನ್ನ ಹೊಟ್ಟೆಯ ಮೇಲೆ ಒಂದು ಸಲ ಕೈ ಇಡಲು ಬಿಡು. ಮಗು ಒದ್ದರೆ ಈ ಬೆರಳುಗಳಿಗೆ ತಿಳಿಯುವುದೋ ಇಲ್ಲವೋ. ಅದು ಒದ್ದಾಗ ನೀನೇ ಬಾಯಿಬಿಟ್ಟು ಹೇಳಬೇಕು, "ಈಗ ಅಮ್ಮ" ಅಂತ.